ಹನ್ನೊಂದೂ ಹತ್ತರ ಮಿರ್ಚಿ

ಇಳಿಸಿದ ವಿಮಾನ ಹೊರಟುಹೋಯಿತು.
ಹತ್ತಬೇಕಾದದ್ದು ನಾಲ್ಕೂವರೆಗಂತೆ.
ನಡುವೆ ಐದು ತಾಸು, ಒಂದೇ ಕೋಣೆ, ನಲವತ್ತು ಕುರ್ಚಿ,
ನೀರಿನ ಬಾಟಲಿ ಮಾರುವ ಯಂತ್ರವೊಂದು
ನನ್ನ ಇಪ್ಪತ್ತರ ನೋಟನ್ನು ನಾಲಿಗೆಯ ಮೇಲಿಟ್ಟು ನೋಡಿ
ಮೂರು ಸಲ ಉಗುಳಿತು.

ಬಾಗಿಲಲ್ಲಿ ಬಂದೂಕಿನ ಯಂಕೋಬ
(ಹೆಸರು ಎದೆಯ ಪಟ್ಟಿಯಲ್ಲಿತ್ತು).
"ಹೊರಗೇನೈತ್ರಿ ಮೇಡಂ, ಬರೇ ಧೂಳ" ಅಂದ.
ಆಮೇಲೆ, ತುಸು ತಡೆದು, ದನಿ ತಗ್ಗಿಸಿ:
"ಹಸಿವಾಗಿದ್ರ ಮಾತ್ರ
ರೈಲ್ವೆ ಗೇಟಿನಾಚೆ, ಬೇವಿನ ಗಿಡದ ಕೆಳಗ ಗಾದೆಮ್ಮ ಅದಾಳ.
ನನ್ನ ಹೆಸರು ಹೇಳಬ್ಯಾಡ್ರಿ. ಬಾಕಿ ಐತಿ."

ಖಾಜಾವಲಿಯ ಆಟೋ. ಸೀಟಿನ ಮೇಲೆ ಕೆಂಪು,
ಗಾಜಿನ ಮೇಲೆ ಕೆಂಪು, ಅವನ ಹುಬ್ಬಿನ ಕೂದಲಲ್ಲಿ ಕೆಂಪು.
ತೋರಣಗಲ್ಲಿನಲ್ಲಿ ಬೆಟ್ಟಗಳು ಲಾರಿ ಹತ್ತಿ ಬರುತ್ತವೆ,
ದಾರಿಯುದ್ದ ಸೋರುತ್ತ.
"ಇದು ತೊಳದ್ರ ಹೋಗಂಗಿಲ್ರಿ" ಅಂದ.
ಹೆಮ್ಮೆಯೋ ದೂರೋ, ಕನ್ನಡಿಯಲ್ಲಿ ಅವನ ಮುಖ ನೋಡಿದರೂ ತಿಳಿಯಲಿಲ್ಲ.

ನೀಲಿ ತಾಡಪತ್ರಿ, ನಾಲ್ಕು ಗಳ, ಒಂದು ಬೆಂಚು.
ಮಧ್ಯಾಹ್ನದ ಪಾಳಿಗೆ ಹೊರಟ ಹುಡುಗರು
ಹೆಲ್ಮೆಟ್ಟು ಮೊಣಕಾಲಿಗೆ ತೊಡಿಸಿ ಒಗ್ಗರಣಿ ಮುಕ್ಕುತ್ತಿದ್ದರು.
ಕೇಂದ್ರಾಪಾಡಾದವರು, ಜಾಜಪುರದವರು.
ಗಾದೆಮ್ಮ ಅವರ ಮಿರ್ಚಿಗಳನ್ನು
ಅವರ ಮಾತಿನಲ್ಲೇ ಎಣಿಸಿ ಹಾಕುತ್ತಾಳೆ:
ಏಕ, ದುಯಿ, ತಿನಿ.
ಬೈಯುವುದು ಮಾತ್ರ ಕನ್ನಡದಲ್ಲಿ.

ಪೇಪರಿನ ತುಂಡಿನ ಮೇಲೆ ನನ್ನ ಪಾಲು:
ನೆನೆದು, ಹಿಂಡಿಸಿಕೊಂಡು, ಅರಿಶಿನಕ್ಕೆ ಬಿದ್ದ ಮಂಡಕ್ಕಿ,
ಮೇಲೆ ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ,
ಪಕ್ಕದಲ್ಲಿ ಗೇಣುದ್ದ ಮಿರ್ಚಿ.
ಮೊದಲ ಕಡಿತಕ್ಕೆ
ಹೈದರಾಬಾದಿನಿಂದ ಕಿವಿಯಲ್ಲಿ ಕಟ್ಟಿಕೊಂಡಿದ್ದ ಗಾಳಿ
ಟಪ್ಪನೆ ಬಿಟ್ಟಿತು.
ಎಣ್ಣೆಯ ಸದ್ದು, ಗೂಡ್ಸ್ ಗಾಡಿ, ಯಾರದೋ ಕೆಮ್ಮು,
ಎಲ್ಲ ಒಟ್ಟಿಗೇ ಒಳಗೆ ಬಂದವು.

"ಎಲ್ಲಿಂದ ಬಂದ್ರಿ?"
ಮೇಲೆ ಬೆರಳು ತೋರಿಸಿದೆ. ಝಾರಿ ನಿಂತಿತು.
"ಅದರಾಗಿಂದ?
ಹನ್ನೊಂದೂ ಹತ್ತಕ್ಕ ನನ್ನ ನೆತ್ತಿ ಮ್ಯಾಲೆ ಹೋಗ್ತೈತಲ್ಲ, ಅದರಾಗಿಂದ?
ಗಡಿಯಾರ ಇಟ್ಟಿಲ್ಲ ನಾನು. ಅದು ಗುಡುಗಿದ ಕೂಡ್ಲೆ
ಎರಡನೇ ಒಬ್ಬೆ ಎಣ್ಣಿಗೆ ಬಿಡ್ತೀನಿ.
ಅಂದ್ರ ನೀ ತಿನ್ನಾಕತ್ತಿದ್ದು ನಿಂದ ಒಬ್ಬೆ!
ಇವತ್ತಿನ ತನಕ ಅದರಾಗಿನ ಮಂದಿ
ಯಾರೂ ಇಳಿದು ಬಂದಿಲ್ಲ ಬಿಡು."

ಎರಡು ಸಾಲಿನಲ್ಲಿ ಬಹುವಚನ ಕಳಚಿಹೋಗಿತ್ತು.

ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ, ಯಾರಿಗೂ ಕೇಳದಂತೆ:
"ಮ್ಯಾಲಿಂದ ಕಾಣ್ತೈತೇನು ಇದು? ನೀಲಿದು?"

ಲಿಫ್ಟಿನ ಹಗ್ಗ ಪರೀಕ್ಷಿಸಿ ಸಹಿ ಹಾಕುವ ಕೆಲಸ ನನ್ನದು.
ಇಪ್ಪತ್ತಾರು ವರ್ಷ, ನೋಡದ ಹಗ್ಗಕ್ಕೆ ಸಹಿ ಹಾಕಿಲ್ಲ.
"ನೋಡಿಲ್ಲ" ಅಂದೆ. "ಹೋಗುವಾಗ ನೋಡ್ತೀನಿ."
"ನೋಡು ಮತ್ತ" ಅಂದಳು. ಅಷ್ಟರಲ್ಲಿ ಬೇರೆ ಯಾರೋ ತಟ್ಟೆ ಚಾಚಿದ್ದರು.

ಮೂವತ್ತು ರೂಪಾಯಿ. ಕಂಬಕ್ಕೆ ಕಟ್ಟಿದ ಡಬ್ಬಿಯೊಳಗಿನ ಹೆಂಗಸು
ಬಂದ ಹಣವನ್ನು ಊರಿಗೆಲ್ಲ ಸಾರಿದಳು.
ಗಾದೆಮ್ಮ ಎರಡು ಮಿರ್ಚಿ ಕಟ್ಟಿಕೊಟ್ಟಳು.
"ಒಂದು ಆ ಬಂದೂಕಿನವಗ. ನೂರಾ ಹತ್ತಾತು ಅಂತ ಹೇಳು,
ಇದನ್ನೂ ಹಿಡಿದು."
ನಾನಂತೂ ಹೆಸರು ಹೇಳಿರಲಿಲ್ಲ.

ಯಂಕೋಬ ಕ್ಯಾಮೆರಾಗೆ ಬೆನ್ನು ಮಾಡಿ ತಿಂದ.
ಲೆಕ್ಕ ಕೇಳಿ, "ನೂರಾಗಿತ್ತಲ್ರಿ" ಅಂತ ನೊಂದುಕೊಂಡ.
ನನ್ನದು ಯಂತ್ರದೊಳಗೆ ಹಾದುಹೋಯಿತು,
ಪರದೆಯ ಮೇಲೆ ಕಿತ್ತಳೆ ಬಣ್ಣದ ನೆರಳು,
ಬೀಗದ ಕೈಗಳ ಪಕ್ಕ, ಡೊಂಕಾಗಿ.

ಸೀಟು ನಡುದಾರಿಯ ಕಡೆಗೆ. ಕಿಟಕಿಯವನು
ಮುಚ್ಚಳ ಎಳೆದುಕೊಂಡು ಆಗಲೇ ಗೊರಕೆ.
ಚಕ್ರ ನೆಲ ಬಿಟ್ಟಾಗ ಭುಜ ಹಿಡಿದು ಅಲ್ಲಾಡಿಸಿದೆ.
ಏನು ಕಂಡಿತೋ ನನ್ನ ಮುಖದಲ್ಲಿ, ಮಾತಾಡದೆ ಮುಚ್ಚಳ ಎತ್ತಿದ.

ಕೆಳಗೆ ಕೆಂಪು. ಕೆಂಪಿನೊಳಗೆ ನೀಲಿ.
ಒಂದಲ್ಲ. ಹಳಿಯ ಗುಂಟ, ಗೋಡೆಯ ಗುಂಟ,
ಲಾರಿಗಳ ಸಾಲಿನ ಹಿಂದೆ.
ಎಣಿಸಿದೆ: ಏಕ, ದುಯಿ, ತಿನಿ.
ಮುಂದಿನದು ನನಗೆ ಗೊತ್ತಿರಲಿಲ್ಲ.
ರೆಕ್ಕೆ ಅಡ್ಡ ಬಂತು.