ಇಪ್ಪತ್ತೈದು ನಿಮಿಷ

ಬಾಗಿಲ ಮುಚ್ಚಿದ್ರ ನನ್ನ ಗಡಿಯಾರ ಓಡ್ತದ,
ತೆರೆದ್ರ ನಿಲ್ತದ.
ನಡುವಿನದಕ್ಕಷ್ಟೇ ಪಗಾರ.

ಅಂದ್ರ ಕಲಬುರಗಿ ನೆಲದ ಮ್ಯಾಲ
ವಿಮಾನ ನಿಂತ ಇಪ್ಪತ್ತೈದು ನಿಮಿಷ
ಕಂಪನಿ ಲೆಕ್ಕದಾಗ ಹುಟ್ಟೇ ಇಲ್ಲ.

ಎದಿ ಮ್ಯಾಲಿನ ಬಿಲ್ಲೆದಾಗ ನಾ ನೀಲಾ.
ನೀಲಗಂಗಾ ಅಂದ್ರ ಜಾಗ ಸಾಲಂಗಿಲ್ಲಂತ.
ಗಂಗಾ ಹೆಚ್ಚಿನ ಲಗೇಜು,
ಮನ್ಯಾಗ ಬಿಟ್ಟು ಬಂದೀನಿ.

ಮಂದಿ ಇಳಿದ್ರು.
ಹದಿನಾರನೇ ಸಾಲಿನ ಮುದುಕಿ ಹೊಳ್ಳಿ ನಿಂತು
"ಯಾರ ಮಗಳವಾ ನೀ, ಮಾತು ನಮ್ಮ ಕಡಿದದ" ಅಂದು
ಗಂಟು ಬಿಚ್ಚಿ ಅರ್ಧ ಖಡಕ್ ರೊಟ್ಟಿ ಮುರಿದು ಕೊಟ್ಟಳು.
ಸಮವಸ್ತ್ರದಾಗ ಮಂದಿ ಮುಂದ ಉಣ್ಣಬಾರದು.
ಕಿಸೆದಾಗ ಇಟ್ಟೆ.

ಇನ್ನ ಕೈಗವಸು.
ಬಾಳೆಹಣ್ಣಿನ ಸಿಪ್ಪಿ, ಗುಟ್ಕಾ ಚೀಟಿ,
ಸುತ್ತಿಟ್ಟ ಹಸೀ ಡೈಪರು,
ಎಪ್ಪತ್ತು ಸೀಟಿನ ಬೆಲ್ಟು ಒಂದರ ಮ್ಯಾಲೊಂದು.
ನಾಕನೇ ಹಾರಾಟ ಇದು. ಇನ್ನೂ ಎರಡು.
ಬೂಟಿನೊಳಗ ಹಿಮ್ಮಡ ಬಾತಾವ.

ಹಿಂದಿನ ಬಾಗಿಲದಾಗ ನಲವತ್ಮೂರು ಡಿಗ್ರಿ.
ಕೆಳಗ ಪೆಟ್ಟಿಗಿ ಹೊರೋ ಗಾಡಿ ಪಕ್ಕ
ಸೋದರಮಾವನ ಮಗ ಭೀಮಾಶಂಕರ.
"ಅಕ್ಕಾ, ನಿಂಗ ತಾಸಿನ ಲೆಕ್ಕ, ನಂಗ ದಿನಗೂಲಿ.
ಈ ಹೊತ್ತಿಗಿ ನಾನೇ ಸಾವ್ಕಾರ ನೋಡ್" ಅಂತ ನಕ್ಕ.
ಆಮ್ಯಾಲ ಟೊಪಗಿ ತೆಗೆದು ಬೆವರು ಒರಸ್ಕೋತ
"ನಿನ್ನ ಇಮಾನದ ಸಪ್ಪಳ ಕೇಳಿದ್ರ ಅತ್ತಿ ಮಾಳಗಿ ಏರ್ತಾಳ.
ಯಾಕ ಅಂದ್ರ, ಸಂಡಿಗಿ ಹೊಳ್ಳಿಸ್ಲಿಕ್ಕ ಅಂತಾಳ.
ಈ ವರ್ಷ ಸಂಡಿಗಿ ಹಾಕೇ ಇಲ್ಲ."

ಸರಡಗಿ ಇಲ್ಲಿಂದ
ಒಂದು ಕೂಗಳತಿ.
ಕೂಗಂಗಿಲ್ಲ.

ಬಾಗಿಲ ಮುಚ್ಚಿತು. ಗಡಿಯಾರ ಓಡ್ತು.
ನನ್ನ ಮಡಚೋ ಕುರ್ಚಿ ಹಿಂದಕ್ಕ ಮುಖ ಮಾಡ್ಯಾದ,
ಕಿಡಕಿ ಇಲ್ಲ.
ಏರುವಾಗ ಮನಸಿನೊಳಗ ಪಾಠ ಒಪ್ಪಿಸ್ಬೇಕು:
ಹೊಗಿ ಬಂದ್ರ ಯಾವ ಬಾಗಿಲು,
ಬೆಂಕಿ ಬಿದ್ರ ಮೊದಲ ಯಾರ ಕೈ ಹಿಡೀಬೇಕು,
ಒಪ್ಪಿಸ್ಲಿಕತ್ತೀನಿ, ನಡುವ
ಒಂದು ಮಾಳಗಿ, ಬರೇ ಚಾಪಿ,
ಹಣಿ ಮ್ಯಾಲ ಕೈ ಇಟ್ಟು ನಿಂತ ಒಬ್ಬಾಕಿ.

ಎರಡನೇ ಸಾಲಿನ ಕಿಡಕಿಗಿ
ಒಬ್ಬಾತ ಫೋನು ಹಿಡಿದ.
ತೊಗರಿ ಹೊಲ, ನೀರಿನ ಟಾಕಿ, ಊರು.
"ಸರ್, ಫ್ಲೈಟ್ ಮೋಡ್" ಅಂದೆ.
ಖರೇ ಅಂದ್ರ ಕೇಳಬೇಕಿತ್ತು:
ಆ ಫೋಟೊ ನನಗೊಂದು ಕಳಸ್ರಿ.

ರಾತ್ರಿ ಹತ್ತಕ್ಕ ಮೇಲ್ವಿಚಾರಕಿ ಕರೆದ್ರು.
ಐದರೊಳಗ ಎರಡು ಚುಕ್ಕಿ:
ಹತ್ತುವಾಗ ನಕ್ಕರು, ಆಮೇಲೆ ನಗಲಿಲ್ಲ,
ನನ್ನ ಕಿಟಕಿಯನ್ನೇ ನೋಡುತ್ತಿದ್ದರು.

ಖರೇ ಅದ, ಅಂದೆ.
ಸಹಿ ಮಾಡಂದ್ರು.
ಪೂರ್ತಿ ಹೆಸರು ಬರೀಬೇಕಂತ;
ಈ ಕಾಗದದಾಗ ಮಾತ್ರ
ಜಾಗ ಬೇಕಾದಷ್ಟದ.