ಬಾವಿ ಪಟ್ಟಿ

ದಲಾನ್‌ಜದಗಡ್, ಎರಡನೇ ಮಹಡಿ.
ಕಿಟಕಿಯ ಸಂದಿಗೆ ತುರುಕಿದ ಒಂಟೆಯುಣ್ಣೆಯನ್ನೂ ದಾಟಿ
ಗೋಬಿಯ ಮರಳು ಒಳಗೆ ಬಂದಿದೆ.
ಕೀಲಿಮಣೆಯಲ್ಲಿ ಸೊನ್ನೆ ಒತ್ತಿದರೆ ಮಾತ್ರ
ಕರಕರ ಅನ್ನುತ್ತದೆ.

ನನಗೆ ಕೊಟ್ಟದ್ದು ಸಣ್ಣ ಕೆಲಸ:
ಮೂವರ ಮೂರು ಎಕ್ಸೆಲ್ ಕಡತ,
ಎಲ್ಲರಿಗೂ ಕಾಣುವ ಒಂದೇ ಡೇಟಾಬೇಸು.
ಒಂದು ಚೀಲದ ಹಿಟ್ಟು ಇನ್ನೊಂದಕ್ಕೆ ಸುರಿದಷ್ಟೇ,
ಅಂದರು ಮೇಲಿನವರು.
ಸುರಿದವರಿಗೆ ಗೊತ್ತು,
ಎಷ್ಟು ಮೂಗಿಗೇರುತ್ತದೆಂದು.

ಗಾನ್ಸುಖ್‌ನ ಕಡತದಲ್ಲಿ ಬಾವಿಗೆ ನಂಬರು.
ದುಲಾಂಸುರೆನ್‌ಳದರಲ್ಲಿ ಹೆಸರು.
ತ್ಸೆವೆಲ್ಮಾ ಬರೆದಿದ್ದು ಹೀಗೆ:
ಬಿಳಿ ಕುದುರೆ ಸತ್ತ ಜಾಗ,
ಅಲ್ಲಿಂದ ಒಂದು ಚಹಾ ಆರುವಷ್ಟು ದೂರ.

ಕರಿಬಾವಿ ಅನ್ನುವವೇ ಹನ್ನೊಂದು.
ಇನ್ನೊಂದು ಕಡೆ ಒಂದೇ ಬಾವಿಗೆ ಮೂರು ಹೆಸರು:
ಅಜ್ಜಂದಿರ ಕಾಲದ್ದು, ರಷ್ಯದ ಕೊರೆಯುವವರು ಇಟ್ಟದ್ದು,
ಮತ್ತೊಂದು ಹೆಂಗಸರೆದುರು ಹೇಳಬಾರದ್ದು.
ನಾನು ಹೆಂಗಸೇ. ನಗುತ್ತ ಟೈಪು ಮಾಡಿದೆ,
ಮೂರನ್ನೂ ಒಂದೇ ಸಾಲಿಗೆ ಮಡಚಿ.

ಐದನೇ ತಿಂಗಳ ಆರಕ್ಕೆ ರಿಪೇರಿಯಾದ ಪಂಪು
ಆರನೇ ತಿಂಗಳ ಐದಕ್ಕೆ ಜಿಗಿದು ಕೂತಿತ್ತು.
ನೀರಿನ ರುಚಿ ಎಂಬ ಕಾಲಮ್ಮಿನಲ್ಲಿ
ಉಪ್ಪು. ಉಪ್ಪು.
ಒಂಟೆ ಕುಡಿಯುತ್ತದೆ, ಕುದುರೆ ಮೂತಿ ತಿರುಗಿಸುತ್ತದೆ.
ಹಳೇ ನಾಣ್ಯ ನೆಕ್ಕಿದ ಹಾಗೆ.
ಒಂದರಿಂದ ಐದರೊಳಗೆ ಆರಿಸಿ, ಅಂದಿತು ಡೇಟಾಬೇಸು.
ನಾಣ್ಯಕ್ಕೆ ನಾಲ್ಕು ಕೊಟ್ಟೆ.

ಉಳಿದವು ಖಾಲಿ ಚೌಕಗಳು, ನೂರ ಅರವತ್ತೆರಡು.
ಖಾಲಿ ಬಿಡುವಂತಿಲ್ಲ, ಎಂದು ಪರದೆ ಕೆಂಪಾಗಿ ನಿಂತಿತು.
ಶುಕ್ರವಾರ. ಸಂಜೆ ಐದೂವರೆ.
ಎಲ್ಲಕ್ಕೂ ಒಂದೇ ಏಟಿಗೆ ಸೊನ್ನೆ ತುಂಬಿದೆ.
ಕರಕರ.
ಹಸಿರು ಗೆರೆ ಬಂತು.
ಮನೆಗೆ ಹೋದೆ, ನಿದ್ದೆಯೂ ಬಂತು.

ಒಂಬತ್ತನೇ ದಿನ ಒಬ್ಬ ಬಂದ,
ಬಾಗಿಲು ತಟ್ಟದೆ, ಟೋಪಿ ತೆಗೆಯದೆ.
ಲುವ್ಸಾಂಜಾವ್ ಎಂದಷ್ಟೇ ಹೇಳಿ ಫೋನನ್ನು ಮೇಜಿನ ಮೇಲಿಟ್ಟ:
ಸೀಳುಗಲ್ಲಿನ ಬಾವಿ. ನೀರು: 0.
'ಇದನ್ನು ನಂಬಿ ಬೇರೆ ದಾರಿ ಹಿಡಿದೆ.
ಇಪ್ಪತ್ತೆರಡು ಕಿಲೋಮೀಟರು, ನಾನೂರು ಆಡು.
ಮರಿ ಏಳು ಕೂತವು, ಏಳಲಿಲ್ಲ.
ಆಮೇಲೆ ತಮ್ಮ ಹೋಗಿ ಇಣುಕಿದ.
ನೀರಿತ್ತು. ಎರಡಾಳು.'
ಬಯ್ಯುತ್ತಾನೆ ಎಂದು ಕಾದೆ.
'ನೋಡಿ ಬಂದವರು ಯಾರು?'
ಅಷ್ಟೇ ಕೇಳಿದ.
ಕೊಟ್ಟ ಚಹಾ ಕುಡಿದ. ಹೋದ.

ತ್ಸೆವೆಲ್ಮಾಗೆ ಫೋನು ಮಾಡಿದೆ.
ನಿವೃತ್ತಿಯಾಗಿ ಎರಡು ಚಳಿಗಾಲ ಕಳೆದಿವೆ.
ಒಂಟೆಯ ಹಾಲು ಬಕೆಟ್ಟಿಗೆ ಚುರ್ರೆಂದು ಬೀಳುವುದು
ಈ ಕಡೆಗೂ ಕೇಳುತ್ತಿತ್ತು.
'ಸೊನ್ನೆ ಅಂದರೆ ಹೋಗಿದ್ದೆ, ಬಗ್ಗಿದ್ದೆ,
ಕಲ್ಲು ಹಾಕಿದ್ದೆ, ಸದ್ದು ಒಣಗಿತ್ತು.
ಖಾಲಿ ಅಂದರೆ
ಜೀಪಿಗೆ ಡೀಸೆಲ್ ಇರಲಿಲ್ಲ, ಮಗಳೇ.'
ಚುರ್ರ್, ಚುರ್ರ್.
'ಯಾಕೆ, ತುಂಬಿದೆಯಾ?'

ತುಂಬಿದ್ದೆ.
ಅವಳ ನಿಜದ ಸೊನ್ನೆ ಮೂವತ್ತೊಂದಿದ್ದವು,
ಒಂದೊಂದಕ್ಕೂ ಬಗ್ಗಿದ ಬೆನ್ನು, ಒಂದೊಂದು ಕಲ್ಲು.
ನನ್ನವು ಹೋಗಿ ಅವುಗಳೊಳಗೆ ನಿಂತವು,
ಈಗ ಎಲ್ಲದಕ್ಕೂ ಒಂದೇ ದುಂಡು ಮುಖ.
ಹಳೇ ಕಡತವನ್ನೂ ಅದೇ ಶುಕ್ರವಾರ
ಅದರ ಮೇಲೇ ಸೇವ್ ಮಾಡಿಬಿಟ್ಟಿದ್ದೆ.

ಡೇಟಾಬೇಸಿಗೆ ಹೊಸ ಕಾಲಮ್ಮು ಸೇರಿಸಿದೆ: ನೋಡಿದವರು.
ಎಲ್ಲ ಸಾಲಿನಲ್ಲೂ ಖಾಲಿ.
ಈ ಬಾರಿ ಖಾಲಿ ಬಿಡಬಹುದು ಎಂಬ ನಿಯಮವನ್ನೂ
ನಾನೇ ಬರೆದೆ.

ನಾಳೆ ಜೀಪು ಸಿಗುತ್ತದಂತೆ.
ಗಾನ್ಸುಖ್ ಡೀಸೆಲ್ ಚೀಟಿಗೆ ಸಹಿ ಹಾಕಿದ, ಮುಖ ಗಂಟಿಕ್ಕಿ.
ಕಚೇರಿಯ ಅಂಗಳದಲ್ಲಿ ಕಲ್ಲು ಹೆಕ್ಕಿ
ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.
ಮೇಲಿನ ಕಿಟಕಿಯಿಂದ ದುಲಾಂಸುರೆನ್ ಕೂಗಿದಳು:
ಏ ಹುಡುಗೀ,
ಗೋಬಿಯಲ್ಲಿ ಕಲ್ಲಿಗೂ ಬರವೇ?