ಹಿಂಪಟ್ಟಿ

ನಾನು ಸಂಘದ ಸದಸ್ಯನಲ್ಲ. ಬಸ್ಸು ನನ್ನದು.
ಹದಿನಾರು ಸೀಟು, ಮೂರನೇ ಸಾಲಿನ ಕಿಟಕಿಯಲ್ಲಿ ಸಂದಿ.
ತಿಂಗಳ ಎರಡನೇ ಗುರುವಾರ ಚಾಪೆಲಿನ ಮೆಟ್ಟಿಲ ಬಳಿ
ಕಾಯುತ್ತಾರೆ ಕಲಾರಸಿಕರು,
ಫ್ಲಾಸ್ಕು, ಮಂಡಿನೋವಿನ ಮಾತ್ರೆ, ಮಡಚುವ ಸ್ಟೂಲು ಸಮೇತ.
ಮೊರ್ವಿದ್ ಟೀಚರು ತಲೆ ಎಣಿಸುತ್ತಾರೆ,
ಮೂವತ್ತೈದು ವರ್ಷ ಮಕ್ಕಳನ್ನೆಣಿಸಿದ ಅದೇ ತೋರುಬೆರಳು.
ಹೊಳೆ ದಾಟಿದ ಪೆದ್ದರ ಹಾಗೆ
ಪ್ರತಿ ಸಲವೂ ಒಂದು ಕಡಿಮೆ.

ಊರೆಲ್ಲ ಸ್ಲೇಟುಕಲ್ಲು: ಮಾಡು, ಬೇಲಿ, ಗೋರಿ.
ಬೂದಿಯಲ್ಲಿ ಎಷ್ಟು ಬಣ್ಣವಿದೆ ಎಂದು ವೇಲ್ಸಿನವರನ್ನು ಕೇಳಿ.
ಅದಕ್ಕೇ ಇರಬೇಕು, ಇವರಿಗೆ ಕೆಂಪಿನ ಹಸಿವು.
ವರ್ಷಕ್ಕೊಮ್ಮೆ ಚಾಪೆಲಿನ ಹಿಂದಿನ ಕೋಣೆಯಲ್ಲಿ ಪ್ರದರ್ಶನ.
ಇಡ್ವಾಲನ ಬೆಟ್ಟ, ಅದೇ ಬೆಟ್ಟ, ಹನ್ನೊಂದನೇ ಸಲ.
ಕಟುಕನ ವಿಧವೆ ತೇಗ್ವೆನ್ ಬಿಡಿಸಿದ ಟೊಮೇಟೊ;
ಮಾರಾಟವಾಯಿತೆಂದು ಚುಕ್ಕಿ ಅಂಟಿಸಿದರೆ
ಯಾವುದು ಟೊಮೇಟೊ, ಯಾವುದು ಚುಕ್ಕಿ.
ಕೊಳ್ಳುವವರೂ ಅವರವರೇ.
ಈ ಮನೆಯ ಗೋಡೆ ಆ ಮನೆಗೆ ಸಾಲ ಹೋಗುತ್ತದೆ.

ಪ್ರವಾಸವೆಂದರೆ ನನ್ನ ಪಾಲಿಗೆ ಪಾರ್ಕಿಂಗು.
ಆರು ವರ್ಷದಲ್ಲಿ ಎಲ್ಲ ಗ್ಯಾಲರಿಗಳ ಹಿಂಬಾಗಿಲು, ಕಸದ ತೊಟ್ಟಿ
ಬಾಯಿಪಾಠವಾಗಿವೆ.

ಆ ಫೆಬ್ರವರಿ ಲಿವರ್‌ಪೂಲಿನಲ್ಲಿ ಹೀಟರು ಕೈಕೊಟ್ಟಿತು.
'ಹೆಣವಾಗ್ತೀಯ, ಬಾ ಒಳಗೆ'
ಎಂದು ತೋಳು ಹಿಡಿದಳು ತೇಗ್ವೆನ್. ಹಸುವಿನ ತೊಡೆ
ಎತ್ತಿ ಬಲಿತ ಹಿಡಿತ. ಬಿಡಿಸಿಕೊಳ್ಳಲಾಗಲಿಲ್ಲ.

ದೊಡ್ಡ ಚಿತ್ರ. ಸಂಜೆ. ಇಳಿಜಾರು.
ಕಲ್ಲು ಹೇರಿದ ಬಂಡಿ, ಒಂಟಿ ಕುದುರೆ.
ಬೆಳಕು ನೋಡಿ, ಎನ್ನುತ್ತಿದ್ದಳು ವಿವರಿಸುವ ಹುಡುಗಿ,
ಜೇನು ಚೆಲ್ಲಿದ ಹಾಗೆ, ನೋಡಿ.
ನೋಡಿದರು. ಹ್ಞಾಂ ಎಂದರು. ಇಡ್ವಾಲ್ ಕನ್ನಡಕ ಒರೆಸಿದ.

ನನ್ನ ಬಾಯಿ ಸುಮ್ಮನಿರಬೇಕಿತ್ತು.
'ಈ ಕುದುರೆ ಕೆಳಗೆ ಮುಟ್ಟೋದಿಲ್ಲ.'

ಏರುವಾಗ ಕೊರಳಪಟ್ಟಿ ಸಾಕು. ಇಳಿಯುವಾಗ
ಭಾರವನ್ನು ತಡೆಯುವುದು ತೊಡೆಯ ಹಿಂದೆ ಬರುವ
ಅಂಗೈಯಗಲದ ಒಂದು ತೊಗಲು.
ಇಲ್ಲಿ ಅದಿಲ್ಲ. ನೋಡಿ, ಬಕಲು ನೇತಾಡುತ್ತಿದೆ.
ಬಂಡಿಯನ್ನು ಕುದುರೆ ಎಳೆಯುತ್ತಿಲ್ಲ,
ಕುದುರೆಯನ್ನು ಬಂಡಿ ಅಟ್ಟಿಸಿಕೊಂಡು ಬರುತ್ತಿದೆ.

ಆಮೇಲೆ ಬೆಳಕು ಯಾರಿಗೂ ಕಾಣಲಿಲ್ಲ.
ಅಯ್ಯೋ ಪಾಪದ್ದು, ಎಂದಳು ತೇಗ್ವೆನ್,
ಬದುಕಿಡೀ ಕತ್ತಿ ಹಿಡಿದವಳು.
ಹುಡುಗಿ ಅಂಗೈ ಮೇಲೆ ಏನೋ ಗೀಚಿಕೊಂಡಳು.
ಚಹಾಕ್ಕೆ ಕೂತರೂ ಅದೇ: ಚಿತ್ರಕಾರನಿಗೆ ತಿಳಿದಿರಲಿಲ್ಲವೋ,
ತಿಳಿದೇ ಬಿಟ್ಟನೋ. ಎರಡು ಪಕ್ಷವಾಯಿತು.
ಸ್ಯಾಂಡ್‌ವಿಚ್ಚಿನ ಅಂಚು ಒಣಗಿತು.

'ನಿನಗೆ ಹೇಗೆ ಗೊತ್ತು, ಎಮ್ರಿಸ್?'

ಅಪ್ಪ ಗಣಿಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ, ಎಂದೆ.
ಅಷ್ಟೇ ಎಂದೆ.
ಒಂದು ಶನಿವಾರ ಎಂಟು ವರ್ಷದ ಹುಡುಗನಿಗೆ
ಒಂದು ಬಕಲು ವಹಿಸಿದ್ದನ್ನು,
ಹುಡುಗನ ಕಿವಿ ಫುಟ್‌ಬಾಲಿನ ಗದ್ದಲದ ಕಡೆ ಇದ್ದದ್ದನ್ನು,
ಹಣೆಯ ಬಿಳಿಚುಕ್ಕೆಗಾಗಿ ಅದಕ್ಕೆ ಸೇರೆನ್ ಎಂದು
ಹೆಸರಿಟ್ಟವನೂ ಅವನೇ ಎಂಬುದನ್ನು
ಹೇಳಲಿಲ್ಲ.
ಅಪ್ಪನೂ ಹೇಳಲಿಲ್ಲ. ತೊಗಲು ಹಳತಾಗಿತ್ತು
ಎಂದ ಯಜಮಾನರ ಮುಂದೆ, ಟೋಪಿ ಕೈಯಲ್ಲಿ ಹಿಡಿದು.
ಆ ವಾರದ ಕೂಲಿ ಬರಲಿಲ್ಲ.

ಹಿಂತಿರುಗುವಾಗ ಕತ್ತಲು. ಘಾಟಿಯ ನೆತ್ತಿಯಲ್ಲಿ,
ನಮ್ಮೂರಿನ ದೀಪಗಳು ಕೆಳಗೆ ಕಾಣುವ ತಿರುವಿನಲ್ಲಿ
ಬಸ್ಸು ನಿಲ್ಲಿಸಿ ಎದ್ದೆ.
ಒಂದೊಂದೇ ಸೀಟಿನ ಪಟ್ಟಿ ಜಗ್ಗಿ ನೋಡುತ್ತ ಹೋದೆ.
ಇಡ್ವಾಲ್ ಗೊರಕೆಯಲ್ಲಿದ್ದ, ಅವನದನ್ನು ನಾನೇ ಬಿಗಿದೆ.
ತೇಗ್ವೆನ್‌ಳದು ಕೋಟಿನ ಗುಂಡಿಗೆ ಸಿಕ್ಕಿತ್ತು.

ನಾನು ತಲೆ ಎಣಿಸುತ್ತಿದ್ದೇನೆ ಎಂದುಕೊಂಡರು ಟೀಚರು.
'ಎಷ್ಟಾಯಿತು?'
ಹದಿನಾರು, ಎಂದೆ. ನಿಮ್ಮನ್ನೂ ಸೇರಿಸಿ.
ಅವರು ಬೆರಳು ಮಡಚಿ ಮತ್ತೆ ಏನೋ ಲೆಕ್ಕ ಹಾಕಿದರು.
'ನಿನ್ನದು?' ಎಂದರು.

ಕೂತೆ. ಹಾಕಿಕೊಂಡೆ.
ಗೇರು ಎರಡಕ್ಕಿಳಿಸಿ, ಬ್ರೇಕಿನ ಮೇಲೆ ಕಾಲಿಟ್ಟು
ಮೆಲ್ಲಗೆ ಬಿಟ್ಟೆ.